ಬಿಲ್ಲಿಂಗ್ ಕೌಂಟರಿನಿಂದ ಸಹಾಯಕ ಮ್ಯಾನೇಜರ್ ಹುದ್ದೆಗೆ ಬಡ್ತಿ ಕೊಡುತ್ತಾರಂತೆ, ಸಂಬಳ ಮೂರು ಸಾವಿರ ಹೆಚ್ಚು. ಒಪ್ಪಿಕೊಳ್ಳಲೇ?

‘ಸೋಮವಾರದಿಂದಲೇ ಚಾರ್ಜ್ ತೆಗೆದುಕೊಳ್ಳಿ ಎನ್ನುತ್ತಿದ್ದಾರೆ’ ಎಂದು ಬರೆದಿದ್ದೀರಲ್ಲ, ನನಗೂ ಇದೇ ಮಾತು ಹೇಳಿದ್ದರು.

ಬೆಂಗಳೂರಿನಲ್ಲಿ ಹತ್ತಾರು ಶಾಖೆಗಳಿರುವ ಒಂದು ದಿನಸಿ ಅಂಗಡಿ, ಹೆಸರು ಬೇಡ. ನಾನು ಕೌಂಟರಿನಲ್ಲಿದ್ದೆ. ನಮ್ಮ ಸಹಾಯಕ ಮ್ಯಾನೇಜರ್ ಇದ್ದಕ್ಕಿದ್ದಂತೆ ಕೆಲಸ ಬಿಟ್ಟರು. ಏಕೆ ಬಿಟ್ಟರೆಂದು ಆಗಲೇ ಕೇಳಬೇಕಿತ್ತು. ಏರಿಯಾ ಮ್ಯಾನೇಜರ್ ಬಂದು ಹೆಗಲ ಮೇಲೆ ಕೈಯಿಟ್ಟು ‘ಇನ್ನು ನೀನೇ ಇಲ್ಲಿನ ಯಜಮಾನ’ ಎಂದರು. ಅಂಗಡಿಯ ಒಟ್ಟು ಸ್ಟಾಕಿನ ಮೌಲ್ಯ ಮುದ್ರಿಸಿದ ಒಂದು ಹಾಳೆ ಮುಂದಿಟ್ಟರು. ಎಣಿಸಬೇಡವೇ ಎಂದೆ. ‘ಕಂಪ್ಯೂಟರಿನಲ್ಲಿ ಇದೆಯಲ್ಲ, ಎಣಿಸುವುದೇನು’ ಎಂದರು. ಸಹಿ ಹಾಕಿಬಿಟ್ಟೆ.

ಈ ಸಹಿಯ ವಿಷಯವನ್ನು ಬಿಡಿಸಿ ಹೇಳುತ್ತೇನೆ, ಬೇಸರಪಡಬೇಡಿ. ಬಂದ ಮಾಲಿನಲ್ಲಿ ಬಿಲ್ಲಾದದ್ದನ್ನು ಕಳೆದರೆ ಉಳಿಯುವುದೇ ಕಂಪ್ಯೂಟರಿನ ಸ್ಟಾಕು. ಇಲಿ ಕಡಿದ ಅಕ್ಕಿ ಚೀಲ, ಒಡೆದ ಹಾಲಿನ ಪ್ಯಾಕೆಟ್, ಒಣಗಿ ತೂಕ ಕಳೆದುಕೊಂಡ ಈರುಳ್ಳಿ, ಗಿರಾಕಿಯ ಜೇಬು ಸೇರಿದ ಚಾಕೊಲೇಟು, ಒಂದಕ್ಕೆ ಒಂದು ಉಚಿತವೆಂದು ಕೊಟ್ಟು ಬಿಲ್ಲಿಗೆ ಹಾಕಲು ಮರೆತ ಶಾಂಪೂ, ಇವು ಯಾವುವೂ ಅದಕ್ಕೆ ಗೊತ್ತಿರುವುದಿಲ್ಲ. ಬೆಳಗಿನ ಜಾವ ಬಂದ ಲೋಡಿನಲ್ಲಿ ಎರಡು ಪೆಟ್ಟಿಗೆ ಕಡಿಮೆಯಿದ್ದರೂ ಇನ್‌ವರ್ಡ್, ಅಂದರೆ ಬಂದ ಮಾಲಿನ ದಾಖಲೆ, ಪೂರ್ತಿಯೇ ಆಗಿರುತ್ತದೆ. ನಮ್ಮ ಗೋಡೌನಿನ ಮೆಟ್ಟಿಲ ಕೆಳಗೆ ಅವಧಿ ಮುಗಿದ ಬಿಸ್ಕತ್ತಿನ ಪೆಟ್ಟಿಗೆಗಳಿದ್ದವು. ಕಂಪನಿಯವರು ವಾಪಸ್ ತೆಗೆದುಕೊಂಡಿರಲಿಲ್ಲ, ಲೆಕ್ಕದಿಂದ ಯಾರೂ ತೆಗೆದಿರಲಿಲ್ಲ. ಇಷ್ಟನ್ನೂ ಸರಿಯಾಗಿದೆ ಎಂದು ಒಪ್ಪಿ ನಾನು ಸಹಿ ಮಾಡಿದ್ದೆ. ಹಿಂದಿನವರ ಕೊರತೆ ಅಂದೇ ಸೊನ್ನೆಯಾಯಿತು, ಪೂರ್ತಿ ನನ್ನ ತಲೆಗೆ ಬಂತು.

ಮಾಲನ್ನು ಎಣಿಸಿ ಲೆಕ್ಕಕ್ಕೆ ತಾಳೆ ನೋಡುವ ಆಡಿಟ್ ನಡೆದದ್ದು ಷಟರ್ ಎಳೆದ ಮೇಲೆ, ರಾತ್ರಿ. ರೇಜರ್ ಬ್ಲೇಡಿನ ಕೊಕ್ಕೆಯಲ್ಲಿ 11 ಪ್ಯಾಕೆಟ್, ಕಂಪ್ಯೂಟರಿನಲ್ಲಿ 40. ತುಪ್ಪದಲ್ಲೂ ಅದೇ ಕಥೆ. ಕೊರತೆಯನ್ನು ಸಿಬ್ಬಂದಿಗೆಲ್ಲ ಹಂಚಿ ಪಟ್ಟಿ ಮಾಡು ಎಂದು ಏರಿಯಾ ಮ್ಯಾನೇಜರ್ ನನಗೇ ಹೇಳಿದರು. ಜೊತೆಯಲ್ಲಿ ಊಟ ಮಾಡುತ್ತಿದ್ದವರ ಸಂಬಳದಿಂದ ಎಷ್ಟೆಷ್ಟು ಹಿಡಿಯಬೇಕೆಂದು ನಾನೇ ಬರೆಯಬೇಕು! ಆಗಷ್ಟೇ ಸೇರಿದ್ದ ಹುಡುಗಿಯೊಬ್ಬಳು ‘ಅಣ್ಣಾ, ನನ್ನ ಹೆಸರೂ ಇದೆಯೇ?’ ಎಂದು ಕೇಳಿದಳು. ಇತ್ತು. ನಾನೇ ಬರೆದಿದ್ದೆ.

ಕಾನೂನು ಇದನ್ನು ಒಪ್ಪುವುದಿಲ್ಲ. ನಿಮ್ಮ ವಶಕ್ಕೆ ಸ್ಪಷ್ಟವಾಗಿ ಒಪ್ಪಿಸಿದ ಮಾಲು ನಿಮ್ಮದೇ ನಿರ್ಲಕ್ಷ್ಯದಿಂದ ಹಾಳಾದರೆ ಅಥವಾ ಕಳೆದುಹೋದರೆ ಮಾತ್ರ ಸಂಬಳದಲ್ಲಿ ಹಿಡಿಯಬಹುದು. ಹಿಡಿಯುವ ಮೊದಲು ನಿಮ್ಮ ವಿವರಣೆ ಕೇಳಬೇಕು. ಎಲ್ಲ ಕಡಿತ ಸೇರಿದರೂ ಅರ್ಧ ಸಂಬಳ ದಾಟುವಂತಿಲ್ಲ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆ ಹೇಳುವುದು ಇದನ್ನೇ. ಆ ಹಾಳೆಗೆ ಅಷ್ಟು ಅವಸರದಲ್ಲಿ ಸಹಿ ಹಾಕಿಸಿಕೊಳ್ಳುವುದೂ ಇದಕ್ಕೇ: ‘ಒಪ್ಪಿಸಿದ್ದೆವು’ ಎನ್ನಲು ಅವರ ಕೈಯಲ್ಲಿ ಕಾಗದ ಬೇಕು.

ಇನ್ನು ನಿಮ್ಮ ಮೂರು ಸಾವಿರ. ಅದನ್ನು ಬಡ್ತಿ ಎಂದು ಕರೆಯಲು ನಾನು ತಯಾರಿಲ್ಲ. ಕರ್ನಾಟಕದ ಅಂಗಡಿ ಕಾಯ್ದೆಯಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಯ ಮಿತಿಯಿದೆ, ಹೆಚ್ಚುವರಿ ದುಡಿತಕ್ಕೆ ದುಪ್ಪಟ್ಟು ಕೂಲಿಯಿದೆ. ಆಡಳಿತದ ಹುದ್ದೆಯಲ್ಲಿರುವವರಿಗೆ ಇದು ಅನ್ವಯಿಸುವುದಿಲ್ಲ. ರಟ್ಟಿನ ಪೆಟ್ಟಿಗೆ ಹೊರುವವನನ್ನೂ ಮ್ಯಾನೇಜರ್ ಎಂದು ಕರೆಯುವುದರಲ್ಲಿ ಯಾರಿಗೆ ಲಾಭ ಎಂದು ಯೋಚಿಸಿ. ಹೊಸ ಸಂಬಳ ತಿಂಗಳಿಗೆ 21,000 ದಾಟಿದರೆ, ನಡೆಯುತ್ತಿರುವ ಆರು ತಿಂಗಳ ವಂತಿಗೆ ಅವಧಿ ಮುಗಿದ ಮೇಲೆ ಇಎಸ್‌ಐ (ನೌಕರರ ಸರ್ಕಾರಿ ಆರೋಗ್ಯ ವಿಮೆ) ಕೂಡ ನಿಲ್ಲುತ್ತದೆ. ನೀವು ಕಟ್ಟುವುದು ಸಂಬಳದ ಶೇಕಡಾ 0.75 ಮಾತ್ರ, ಮನೆಯವರ ಚಿಕಿತ್ಸೆಯೆಲ್ಲ ಅದರಲ್ಲೇ ನಡೆಯುತ್ತಿದ್ದರೆ ಲೆಕ್ಕ ನೀವೇ ಹಾಕಿ.

‘ಅನುಭವವಾದರೂ ಸಿಗುತ್ತದೆ’ ಎನ್ನುವವರು ಆಡಿಟ್ ರಾತ್ರಿ ಕಂಡವರಲ್ಲ. ಒಪ್ಪಲೇಬೇಕು ಎಂದಿದ್ದರೆ, ಎಣಿಕೆ ಮುಗಿಯುವವರೆಗೆ ಪೆನ್ನು ಮುಟ್ಟಬೇಡಿ. ಅವಧಿ ಮುಗಿದ ಮಾಲನ್ನು ಬೇರೆ ಪಟ್ಟಿ ಮಾಡಿ ಏರಿಯಾ ಮ್ಯಾನೇಜರ್ ಸಹಿ ಮಾಡಿಸಿ, ಅದರ ಫೋಟೋವನ್ನು ಕಂಪನಿಯ ಇ-ಮೇಲಿಗೆ ಕಳುಹಿಸಿ, ಒಂದು ಪ್ರತಿ ನಿಮ್ಮಲ್ಲೂ ಇರಲಿ. ಅಷ್ಟು ಹೊತ್ತು ಅಂಗಡಿ ಮುಚ್ಚಲಾಗದು ಎಂದರೆ ಕೌಂಟರಿನಲ್ಲೇ ಇರಿ. ನಿರಾಕರಿಸಿದರೆ ದೂರದ ಶಾಖೆಗೆ ಹಾಕಬಹುದೆಂದು ಹೆದರಿದ್ದೀರಿ. ಹಾಕಬಹುದು. ಬಸ್ ಪಾಸಿನ ಖರ್ಚು ಆ ಕೊರತೆಯ ಹತ್ತಿರಕ್ಕೂ ಬರುವುದಿಲ್ಲ.