ಪ್ರತಿಕ್ರಿಯೆ: ಬಿಳಿ ವೈನ್ ಕಂದು ಬಣ್ಣಕ್ಕೆ ತಿರುಗಿರುವುದು

ನೀವು ಹಾಸನದ ಮನೆಯಲ್ಲಿ ಮಾಡಿ, ಹುದುಗು ನಿಂತ ಮೇಲೆ ಎರಡು ತಿಂಗಳು ಅರೆ ತುಂಬಿದ ಜಾಡಿಯಲ್ಲೇ ಬಿಟ್ಟ ಹಸಿರು ದ್ರಾಕ್ಷಿಯ ವೈನ್ ಏಕೆ ಕಂದಾಯಿತೆಂದು ಕೇಳಿದ್ದೀರಿ. ಅದಕ್ಕೆ ಬಹುಮಟ್ಟಿಗೆ ಕಾರಣ ಜಾಡಿಯ ಖಾಲಿ ಜಾಗದಲ್ಲಿದ್ದ ಗಾಳಿ. ಅಲ್ಲಿನ ಬೇಸಿಗೆಯ ಸೆಖೆ ಅದನ್ನು ಇನ್ನಷ್ಟು ಬೇಗನಾಗಿಸಿದೆ.

ಮೊದಲು ಲೋಟಕ್ಕೆ ಸ್ವಲ್ಪ ಬಗ್ಗಿಸಿ ವಾಸನೆ ನೋಡಿ. ಹೆಚ್ಚಿಟ್ಟು ಕಪ್ಪಾದ ಸೇಬಿನ ವಾಸನೆಯಿದ್ದರೆ ಉಳಿಸಿಕೊಳ್ಳಬಹುದು. ವಿನೆಗರ್‌ನ ಘಾಟಿದ್ದರೆ ಅದು ಮರಳಿ ವೈನ್ ಆಗದು. ಉಳಿಯುವಂತಿದ್ದರೆ ಕೊಳವೆಯಿಂದ, ಗಾಳಿ ಬೆರೆಯುವಂತೆ ಸದ್ದಾಗದ ಹಾಗೆ, ತಳದ ಗಷ್ಟನ್ನು ಬಿಟ್ಟು ಚಿಕ್ಕ ಬಾಟಲಿಗಳಿಗೆ ಕುತ್ತಿಗೆಯವರೆಗೆ ತುಂಬಿರಿ. ತುಂಬುವ ಮೊದಲು 10 ಲೀಟರಿಗೆ ಅರ್ಧ ಗ್ರಾಂ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ (ವೈನ್ ಕೆಡದಂತೆ ಕಾಯುವ ಪುಡಿ) ಬೆರೆಸಿ. ಚಮಚದ ಅಂದಾಜು ಇಲ್ಲಿ ಸಲ್ಲದು, ಚಿನ್ನ ತೂಗುವಂಥ ಪುಟ್ಟ ತಕ್ಕಡಿಯಲ್ಲೇ ತೂಗಿ. ಆಸ್ತಮಾ ಇರುವವರಿಗೆ ಆ ವೈನ್ ಕೊಡಬೇಡಿ. ವಾಸನೆ ತಗ್ಗುವ ಸಾಧ್ಯತೆ ಹೆಚ್ಚು, ಬಣ್ಣ ಪೂರ್ತಿ ಮರಳುವ ಭರವಸೆಯಿಲ್ಲ.

ಹಿಂಡಿದಾಗಲೇ ರಸ ಕಂದಾಗಿತ್ತೆಂದು ನೀವು ಬರೆದಿದ್ದೀರಿ, ಅದಕ್ಕೆ ಹೆದರಬೇಕಿಲ್ಲ. ಫ್ರಾನ್ಸಿನ ವೈನ್ ಸೀಮೆಯಾದ ಬರ್ಗಂಡಿಯಲ್ಲಿ ಶಾರ್ಡನೇ ಎಂಬ ಬಿಳಿ ವೈನ್ ದ್ರಾಕ್ಷಿಯ ರಸ ಹುದುಗುವ ಮೊದಲು ಕಂದಾಗುವುದನ್ನು ಹಲವರು ಬೇಕೆಂದೇ ಬಿಡುತ್ತಾರೆ, ಏಕೆಂದರೆ ಬೇಗ ಕಂದಾಗುವ ಅಂಶಗಳು ಆಗಲೇ ಗಷ್ಟಿಗೆ ಇಳಿದು, ಹುದುಗಿದ ವೈನ್ ತಿಳಿಯಾಗುತ್ತದೆ. ಆಮೇಲೆ ಓಕ್ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಇರಿಸುವಾಗ ನುಣ್ಣನೆಯ ಗಷ್ಟು ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಆವಿಯಾಗಿ ಇಳಿದ ಮಟ್ಟವನ್ನೂ ಆಗಾಗ ತುಂಬಿಸುತ್ತಾರೆ. ಗಾಳಿಯ ಅಪಾಯವಿರುವುದು ಹುದುಗು ನಿಂತ ನಂತರ.

ಬಾಟಲಿಗಳನ್ನು ಫ್ರಿಜ್ಜಿನಲ್ಲಿಟ್ಟು, ಎರಡು ವಾರ ಕಳೆದು ಒಂದನ್ನು ತೆರೆದು ನೋಡಿ. ಸೇಬಿನ ವಾಸನೆ ಹೋಗಿದ್ದರೆ ಉಳಿದವನ್ನು ವರ್ಷಗಟ್ಟಲೆ ಇಡದೆ ಬೇಗ ಬಳಸಿ.