ಕಾಸರಗೋಡಿನ ಮಕ್ಕಳಿಗೆ ಕನ್ನಡದಲ್ಲಿ ಕೋಡಿಂಗ್ ಯಾಕೆ ಅಂತ ಕೇಳಿದ ಗೆಳೆಯನಿಗೆ

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದು ಇನ್ನೂ ತಲೆಯಿಂದ ಹೋಗಿಲ್ಲ ಮಾರಾಯ. "ಇರುವುದು ಕೇರಳದಲ್ಲಿ. ಮಕ್ಕಳು ಮನೆಯಲ್ಲಿ ಮಾತಾಡುವುದು ತುಳು, ಪೇಟೆಗೆ ಹೋದರೆ ಮಲಯಾಳಂ. ಇದರ ಮಧ್ಯೆ ಕೋಡಿಂಗ್ ಕನ್ನಡದಲ್ಲಿ ಯಾಕೆ? ಸುಮ್ನೆ ಇಂಗ್ಲಿಷಿನಲ್ಲೇ ಕಲಿಸಿಬಿಡು." ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ ಅಂತ ಗೊತ್ತು. ಆದರೆ ಆಗ ನನಗೆ ಸರಿಯಾಗಿ ಉತ್ತರ ಹೇಳಲು ಆಗಲಿಲ್ಲ. ಈಗ ಬರೆಯುತ್ತೇನೆ, ಪುರುಸೊತ್ತು ಮಾಡಿಕೊಂಡು ಓದು.

ಶುರು ಮಾಡುವುದು ದೊಡ್ಡ ಕೆಲಸವೇನಲ್ಲ. ನಮ್ಮ ಶಾಲೆಯ ಲ್ಯಾಬಿನ ಕಂಪ್ಯೂಟರುಗಳಲ್ಲಿ ವಿಂಡೋಸ್ ಬದಲಿಗೆ ಲಿನಕ್ಸ್ ಉಂಟು. ಕೇರಳದ ಶಾಲೆಗಳಲ್ಲಿ ಅದು ಹೊಸತಲ್ಲ, ಎಷ್ಟೋ ವರ್ಷದಿಂದ ಹಾಗೆಯೇ. ಮಕ್ಕಳಿಗೆ ಕೋಡಿಂಗ್ ಕಲಿಸುವ ಕೋಡ್.ಆರ್ಗ್ ವೆಬ್‌ಸೈಟಿಗೆ ಬ್ರೌಸರ್ ಒಂದಿದ್ದರೆ ಸಾಕು, ಏನನ್ನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ಟೀಚರ್ ಖಾತೆ ತೆರೆದು ಕ್ಲಾಸಿಗೊಂದು ಸೆಕ್ಷನ್ ಮಾಡಿದರೆ ಮಕ್ಕಳು ಒಳಗೆ ಬರಲು ಆರು ಅಕ್ಷರದ ಕೋಡ್ ಸಿಗುತ್ತದೆ. ಸಣ್ಣ ಮಕ್ಕಳಿಗೆ ಇಮೇಲ್ ಬೇಡ, ಪಾಸ್‌ವರ್ಡ್ ನೆನಪಿಟ್ಟುಕೊಳ್ಳುವುದೂ ಬೇಡ. ಪಟ್ಟಿಯಲ್ಲಿ ತನ್ನ ಹೆಸರು ಒತ್ತಿ, ತನಗೆ ಬಂದ ಚಿತ್ರ ಒತ್ತಿದರೆ ಆಯಿತು.

ಹೆಸರುಗಳನ್ನು ಮಕ್ಕಳೇ ಕನ್ನಡದಲ್ಲಿ ಟೈಪ್ ಮಾಡಿ ಕೊಟ್ಟರು. ಇದನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ನಿಮ್ಮಲ್ಲಿ ಜಾಸ್ತಿ ಜನ ನುಡಿ ಕೀಲಿಮಣೆಯವರು. ನಮ್ಮಲ್ಲಿ ಇನ್‌ಸ್ಕ್ರಿಪ್ಟ್. ಅದರಲ್ಲಿ ಹೆಚ್ಚಿನ ಭಾರತೀಯ ಭಾಷೆಗಳಿಗೂ ಒಂದೇ ಜೋಡಣೆ. ಕೆ ಕೀಲಿಯಲ್ಲಿ ಕ, ಎಲ್ ಕೀಲಿಯಲ್ಲಿ ತ, ಒತ್ತಕ್ಷರ ಬೇಕಾದರೆ ನಡುವೆ ಡಿ. ಮಲಯಾಳಂ ಟೈಪಿಂಗ್ ಕಲಿತ ಮಗುವಿನ ಬೆರಳಿಗೆ ಕನ್ನಡವೂ ಬಂದೇ ಬರುತ್ತದೆ, ಭಾಷೆ ಬದಲಾಯಿಸುವ ಗುಂಡಿ ಒತ್ತಿದರೆ ಸಾಕು. ನಮ್ಮ ಆರನೇ ಕ್ಲಾಸಿನ ಮಕ್ಕಳು ಎರಡು ಲಿಪಿ ಟೈಪ್ ಮಾಡುತ್ತಾರೆ. ನಿನ್ನ ಆಫೀಸಿನಲ್ಲಿ ಎಷ್ಟು ಜನ ಮಾಡುತ್ತಾರೆ, ಒಮ್ಮೆ ಕೇಳಿ ನೋಡು.

ನಾನು ದಿನಾ ಗುದ್ದಾಡುವುದು ಪದಗಳ ಜೊತೆ.

ನಮಗೆ ತರಬೇತಿ ಮಲಯಾಳಂನಲ್ಲಿ. ಬರುವ ಹಾಳೆಗಳು ಕೆಲವು ಮಲಯಾಳಂನಲ್ಲೇ ಇರುತ್ತವೆ, ಕೆಲವು ಮಲಯಾಳಂನಿಂದ ಕನ್ನಡಕ್ಕೆ ಆದವು. ಎರಡನೆಯದ್ದು ಓದುವಾಗ ಜಾಸ್ತಿ ಎಚ್ಚರ ಬೇಕು. ಒಂದು ಹಾಳೆಯಲ್ಲಿ "ಪ್ರತಿ ಮಗುವಿಗೂ ಅವಸರ ನೀಡಬೇಕು" ಅಂತ ಇತ್ತು. ಮಲಯಾಳಂನಲ್ಲಿ ಅವಸರಂ ಅಂದರೆ ಅವಕಾಶ. ಪ್ರತಿ ಮಗುವಿಗೂ ಮೌಸ್ ಹಿಡಿಯಲು ಅವಕಾಶ ಕೊಡಿ ಅಂತ ಅದರ ಅರ್ಥ. ಕನ್ನಡದಲ್ಲಿ ಓದಿದವರು ಮಕ್ಕಳನ್ನು ಬೇಗ ಬೇಗ ಅಂತ ಅವಸರ ಮಾಡಿದರೆ ತಪ್ಪು ಯಾರದ್ದು? ಇನ್ನೊಂದರಲ್ಲಿ ಕಲಿತದ್ದರ ಬಗ್ಗೆ "ಉಪನ್ಯಾಸ ಬರೆಯಿರಿ" ಅಂತ. ಅಲ್ಲಿ ಉಪನ್ಯಾಸಂ ಅಂದರೆ ಪ್ರಬಂಧ. ಅಕ್ಷರ ಕನ್ನಡದ್ದು, ಅರ್ಥ ಮಾತ್ರ ಮಲಯಾಳಂನದ್ದು. ಎರಡೂ ಭಾಷೆ ಬಲ್ಲವರಿಗೆ ಹೊಳೆಯುತ್ತದೆ. ಮಗು ಎಂತ ಮಾಡಬೇಕು?

ಇನ್ನು ವೆಬ್‌ಸೈಟಿನ ಕನ್ನಡ. ಭಾಷೆಗಳ ಪಟ್ಟಿಯಲ್ಲಿ 'ಕನ್ನಡ' ಅಂತ ಕಂಡ ದಿನ ನಾನು ಸ್ಟಾಫ್ ರೂಮಿಗೆ ಹೋಗಿ ಎಲ್ಲರನ್ನೂ ಕರೆದು ತೋರಿಸಿದೆ. ನಿನಗದು ಸಣ್ಣ ವಿಷಯ ಇರಬಹುದು. ನಮಗೆ ಯಾವ ಪಟ್ಟಿ ತೆರೆದರೂ ಮೊದಲು ಕಣ್ಣು ಹುಡುಕುವುದು ಅದನ್ನೇ, ಎಷ್ಟೋ ಸಲ ಸಿಗುವುದಿಲ್ಲ. ಎಲ್ಲ ಪಾಠಗಳೂ ಕನ್ನಡಕ್ಕೆ ಬಂದಿಲ್ಲ, ಬಾರದ ಸಾಲು ಇಂಗ್ಲಿಷಿನಲ್ಲೇ ಕಾಣುತ್ತದೆ. ಅದಕ್ಕೆ ನನಗೆ ಬೇಸರವಿಲ್ಲ. ಸಂಬಳ ಇಲ್ಲದೆ ಕೂತು ಅನುವಾದ ಮಾಡಿದವರ ಕೆಲಸ ಅದು, ಆದಷ್ಟು ಆಯಿತಲ್ಲ.

ಕಷ್ಟ ಇರುವುದು ವಾಕ್ಯದ ಕಟ್ಟಿನಲ್ಲಿ. ಇಂಗ್ಲಿಷಿನಲ್ಲಿ 'ಇಫ್' ಮೊದಲು ಬರುತ್ತದೆ, ಷರತ್ತು ಆಮೇಲೆ. ನಮ್ಮಲ್ಲಿ 'ಇದ್ದರೆ' ಬರುವುದು ಕೊನೆಗೆ: ಮುಂದೆ ದಾರಿ ಇದ್ದರೆ, ಹೋಗು. ಮಕ್ಕಳು ಒಂದಕ್ಕೊಂದು ಜೋಡಿಸುವ ಆಜ್ಞೆಯ ತುಂಡುಗಳು ಉಂಟಲ್ಲ, ಬ್ಲಾಕ್ ಅಂತ, ಅವುಗಳ ಆಕಾರ ಇಂಗ್ಲಿಷಿಗೆ ಹೊಂದುವಂತೆ ಮಾಡಿದ್ದು. ಅದಕ್ಕೆ ಕನ್ನಡ ತುಂಬಿಸಲು ಹೋದರೆ 'ಒಂದು ವೇಳೆ' ಅಂತ ಎದುರಿಗೆ ಒಂದು ತಂದು ಇಡಬೇಕಾಗುತ್ತದೆ. ಮಕ್ಕಳು ಓದುವಾಗ ಅದನ್ನು ಬಿಟ್ಟೇ ಓದುತ್ತಾರೆ. ಆದರೆ 'ರಿಪೀಟ್ ಅನ್‌ಟಿಲ್' ಬ್ಲಾಕ್ ನೋಡು, ಬಾಯಿ ತೆರೆದ ಹಾಗಿರುತ್ತದೆ, ಒಳಗೆ ಬೇರೆ ಬ್ಲಾಕ್ ಇಡಬೇಕು. ಹಕ್ಕಿಯನ್ನು ಹಂದಿಗೆ ಮುಟ್ಟಿಸುವ ಆಟದಲ್ಲಿ ಅದನ್ನು ಕನ್ನಡದಲ್ಲಿ ಓದಿ ನೋಡು: "ಹಂದಿ ಸಿಗುವವರೆಗೆ, ಮುಂದೆ ಹೋಗು, ಮಾಡುತ್ತಾ ಇರು." ಒಳಗಿನದ್ದು ಒಳಗೇ ಕೂರುತ್ತದೆ, ಕ್ರಿಯಾಪದ ಕೊನೆಗೆ ಬರುತ್ತದೆ. ಇದನ್ನು ನಾನು ಕಂಡುಹಿಡಿದದ್ದಲ್ಲ, ಐದನೇ ಕ್ಲಾಸಿನ ಹುಡುಗನೊಬ್ಬ ಹಾಗೆ ಓದಿದ.

ಈಗ ಒಂದು ದಿನದ ಕತೆ ಹೇಳುತ್ತೇನೆ, ಆಗ ನನ್ನ ಮಾತು ನಿನಗೆ ಅರ್ಥವಾದೀತು.

ಕೋಡ್.ಆರ್ಗ್‌ನ ಹಳೆಯ ಮೇಜ್ ಆಟ, ಅಂದರೆ ಸುತ್ತುದಾರಿಯ ಆಟ, ನಿನಗೂ ಗೊತ್ತಿರಬಹುದು. ಆಂಗ್ರಿ ಬರ್ಡ್ಸ್‌ನ ಕೆಂಪು ಹಕ್ಕಿಯನ್ನು ಹಂದಿಯ ಹತ್ತಿರ ಮುಟ್ಟಿಸಬೇಕು. ಒಟ್ಟು 20 ಒಗಟು. ಮುಂದೆ ಹೋಗು, ಎಡಕ್ಕೆ ತಿರುಗು, ಬಲಕ್ಕೆ ತಿರುಗು, ಶುರುವಿಗೆ ಇಷ್ಟೇ. ಒಬ್ಬಳು ಹುಡುಗಿಯ ಹಕ್ಕಿ ಕೆಳಮುಖ ಮಾಡಿ ನಿಂತಿತ್ತು. ಹಂದಿ ಇದ್ದದ್ದು ಅವಳ ಬಲಗೈ ಕಡೆ. ಅವಳು 'ಬಲಕ್ಕೆ ತಿರುಗು' ಇಟ್ಟಳು. ಹಕ್ಕಿ ಆಚೆ ಕಡೆ ತಿರುಗಿ ಗೋಡೆಗೆ ಹೊಡೆಯಿತು. ಮತ್ತೆ ಇಟ್ಟಳು, ಮತ್ತೆ ಹೊಡೆಯಿತು.

ಪಕ್ಕದವಳು ತುಳುವಿನಲ್ಲಿ "ದತ್ತ್, ದತ್ತ್" ಅಂದಳು. ಹಿಂದಿನ ಬೆಂಚಿನ ಹುಡುಗ ಮಲಯಾಳಂನಲ್ಲಿ "ಇಡತ್ತೋಟ್ಟ್" ಅಂದ. ಇಬ್ಬರೂ ಹೇಳಿದ್ದು ಎಡಕ್ಕೆ ಅಂತಲೇ. ಆದರೆ ಅವಳ ಮನೆಯಲ್ಲಿ ಮರಾಠಿ. ಕೂಗಾಟದ ಮಧ್ಯೆ ಅವಳಿಗೆ ಒಂದೂ ಹೊಕ್ಕಲಿಲ್ಲ, ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಕರೆಂಟೂ ಹೋಯಿತು. ಜುಲೈ ಮಳೆ, ನಮ್ಮಲ್ಲಿ ಮಾಮೂಲು. ಕಂಪ್ಯೂಟರ್ ಇಲ್ಲದೆ ಕಲಿಸುವ ಪಾಠಗಳೂ ಅದರಲ್ಲಿ ಉಂಟು, ಚೌಕುಳಿ ಹಾಳೆಯ ಮೇಲೆ ಬಾಣದ ಗುರುತು ಬರೆದು ಆಡುವಂಥದ್ದು. ನಾನು ಸೀಮೆಸುಣ್ಣ ತೆಗೆದುಕೊಂಡು ಜಗಲಿಯಲ್ಲಿ ದೊಡ್ಡ ಚೌಕ ಬರೆದೆ. ಒಬ್ಬರು ಹಕ್ಕಿ, ಇನ್ನೊಬ್ಬರು ಹಂದಿ, ಉಳಿದವರು ಆಜ್ಞೆ ಕೊಡುವವರು. ಆಜ್ಞೆ ಕನ್ನಡದಲ್ಲೇ ಕೊಡಬೇಕು ಅಂತ ಅವರೇ ತೀರ್ಮಾನ ಮಾಡಿದರು. ಯಾಕೆಂದರೆ ಆ ಗುಂಪಿನಲ್ಲಿ ಎಲ್ಲರಿಗೂ ಬರುವ ಭಾಷೆ ಅದೊಂದೇ. ಆ ಹುಡುಗಿಯನ್ನೇ ಹಕ್ಕಿ ಮಾಡಿದರು. ಅವಳು ಗೆಳತಿಯರ ಕಡೆ ಮುಖ ಮಾಡಿ ನಿಂತಳು. "ಎಡಕ್ಕೆ ತಿರುಗು" ಅಂದಾಗ ತಿರುಗಿದಳು. ಹಂದಿ ಎದುರಿಗೇ ನಿಂತಿತ್ತು. ತನ್ನ ಎರಡೂ ಕೈ ಮುಂದೆ ಹಿಡಿದು ನೋಡಿಕೊಂಡು "ಟೀಚರ್, ಹಕ್ಕಿಯ ಎಡ ಬೇರೆ, ನನ್ನ ಎಡ ಬೇರೆ!" ಅಂದಳು. ಸಂಜೆ ಕರೆಂಟ್ ಬಂದ ಮೇಲೆ ಆ ಒಗಟು ಅವಳಿಗೆ ಒಂದು ನಿಮಿಷವೂ ಹಿಡಿಯಲಿಲ್ಲ.

ನೀನು ಹೇಳಿದ ಇಂಗ್ಲಿಷ್ ಆ ಜಗಲಿಯಲ್ಲಿ ಎಲ್ಲಿತ್ತು ಹೇಳು? ಇಂಗ್ಲಿಷ್ ಬೇಡ ಅಂತ ನಾನು ಎಲ್ಲೂ ಹೇಳಿಲ್ಲ. 'ರನ್', 'ರಿಪೀಟ್' ಎಲ್ಲ ಅವರಿಗೆ ಬರುತ್ತದೆ, ಮುಂದೆ ಇನ್ನೂ ಬೇಕಾಗುತ್ತದೆ. ಆದರೆ ಯೋಚನೆ ಮಾಡಲು ಕಲಿಯುವಾಗ ಮಧ್ಯೆ ಇನ್ನೊಂದು ಗೋಡೆ ಯಾಕೆ? ಮನೆಮನೆಯ ಭಾಷೆ ಬೇರೆ: ತುಳು, ಮಲಯಾಳಂ, ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕ. ಶಾಲೆಗೆ ಬಂದ ಮೇಲೆ ಎಲ್ಲರೂ ಒಟ್ಟಿಗೆ ಕೂರುವುದು ಕನ್ನಡದಲ್ಲಿ.

ಇನ್ನೊಂದು ಮಾತು. ನೀನು ಯಾವಾಗಲೂ "ನೀವು ಕೇರಳದವರು" ಅನ್ನುತ್ತೀಯಲ್ಲ, ಅದು ಸ್ವಲ್ಪ ಚುಚ್ಚುತ್ತದೆ. ನನ್ನ ಅಜ್ಜ ಶಾಲೆಗೆ ಹೋಗುವಾಗ ಇದು ಮದ್ರಾಸಿಗೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆ. 1956ರ ನವೆಂಬರ್ 1ಕ್ಕೆ ಕೇರಳವಾಯಿತು. ಅಜ್ಜ ಅದೇ ಮನೆಯಲ್ಲೇ ಇದ್ದರು, ಅದೇ ಬಾವಿಯ ನೀರು ಸೇದಿದರು. ಗೋವಿಂದ ಪೈಗಳ ಮಂಜೇಶ್ವರ ಇದೇ ಜಿಲ್ಲೆಯಲ್ಲಿ, ಕಯ್ಯಾರ ಕಿಞ್ಞಣ್ಣ ರೈಗಳು ಪಾಠ ಮಾಡಿದ್ದು ಇದೇ ನೆಲದಲ್ಲಿ. ನಾವು ಕನ್ನಡವನ್ನು ಯಾರಿಂದಲೂ ಸಾಲ ತಂದದ್ದಲ್ಲ. ಮಲಯಾಳಂ ಮೇಲೆ ನನಗೆ ದ್ವೇಷವೂ ಇಲ್ಲ. ಲ್ಯಾಬಿನಲ್ಲಿ ಏನಾದರೂ ಕೆಟ್ಟರೆ ಓಡಿ ಬಂದು ಸರಿ ಮಾಡಿಕೊಡುವವರು ಮಲಯಾಳಂ ವಿಭಾಗದ ಟೀಚರೇ. ಆದರೆ ನಮ್ಮ ಹಾಳೆ ಕೊನೆಗೆ ಬರುತ್ತದೆ, ಬಂದರೂ ಅರ್ಥ ತಪ್ಪಿ ಬರುತ್ತದೆ, ಅದನ್ನು ಪ್ರತಿ ವರ್ಷ ಕೇಳಬೇಕು. ಕೇಳಿ ಕೇಳಿ ಸಾಕಾಗುತ್ತದೆ. ಇತ್ತ ನಿಮ್ಮ ಕಡೆಯವರೂ "ನಿಮಗೆ ಯಾಕೆ ಕನ್ನಡ" ಅಂದರೆ ನಾವು ಎಲ್ಲಿಗೆ ಹೋಗಬೇಕು?

ಈಗ ಲ್ಯಾಬಿನ ಗೋಡೆಯಲ್ಲಿ ಒಂದು ಚಾರ್ಟ್ ಉಂಟು. ಪದಗಳನ್ನು ಮಕ್ಕಳೇ ಆರಿಸಿ ಬರೆಯುತ್ತಾರೆ. 'ರಿಪೀಟ್'ಗೆ ದೊಡ್ಡ ಚರ್ಚೆ ಆಯಿತು. ತುಳುವಿನವರು 'ಕುಡೊರ' ಅಂದರು, ಹವ್ಯಕರ ಹುಡುಗ 'ಇನ್ನೊಂದರಿ' ಅಂದ. ಪುಸ್ತಕದ 'ಪುನರಾವರ್ತಿಸು' ಬರೆಯುವಾಗಲೇ ಇಬ್ಬರು ತಪ್ಪಿದರು. ಕೊನೆಗೆ ಎಲ್ಲರೂ ಒಪ್ಪಿದ್ದು 'ಪುನಃ'. ನಮ್ಮೂರಲ್ಲಿ ಅದು ದಿನಾ ಬಾಯಲ್ಲಿ ಓಡಾಡುವ ಪದ. 'ಪುನಃ 5 ಸಲ', ಅಷ್ಟೇ.

'ಫಂಕ್ಷನ್' ಮಾತ್ರ ಇನ್ನೂ ಖಾಲಿ ಉಂಟು. ನಮ್ಮಲ್ಲಿ ಫಂಕ್ಷನ್ ಅಂದರೆ ಮದುವೆಯೋ ಗೃಹಪ್ರವೇಶವೋ, ಮಕ್ಕಳಿಗೆ ಮೊದಲು ನೆನಪಾಗುವುದು ಊಟದ ಪಂಕ್ತಿ. 'ಕ್ರಿಯೆ' ಅಂದೆ, ಒಪ್ಪಲಿಲ್ಲ. ಒಂದು ಸಲ ಬರೆದಿಟ್ಟು, ಬೇಕಾದಾಗೆಲ್ಲ ಹೆಸರು ಹಿಡಿದು ಕರೆಯುವ ಕೆಲಸಕ್ಕೆ ಒಂದು ಸಣ್ಣ, ಮನೆಮಾತಿನ ಪದ ಬೇಕು. ನೀನು ದಿನಾ ಅದನ್ನೇ ಬರೆಯುವವನಲ್ವಾ? ಹೊಳೆದರೆ ಕಳಿಸು. ಮಕ್ಕಳ ಮುಂದೆ ಇಡುತ್ತೇನೆ, ಅವರು ಒಪ್ಪಿದರೆ ಚಾರ್ಟಿಗೆ ಹಾಕುತ್ತೇವೆ.