ಆ ಹೆಂಗಸು ಮತ್ತೆ ಬರಲಿಲ್ಲ, ಅಕ್ಕಾ

ಪ್ರಶ್ನೆ: ಅಕ್ಕಾ, ಬ್ಯಾಂಕ್ ಕೆಲಸದಿಂದ ನಿವೃತ್ತಳಾಗಿ ಎಂಟು ತಿಂಗಳಾಯಿತು. ವಾರಕ್ಕೆ ಮೂರು ಮಧ್ಯಾಹ್ನ ನಮ್ಮ ಬಡಾವಣೆ ಹತ್ತಿರದ ಮಹಿಳಾ ಕೇಂದ್ರಕ್ಕೆ ಹೋಗುತ್ತೇನೆ. ಕೊಟ್ಟಿರುವುದು ಬರೀ ಅರ್ಜಿ ತುಂಬುವ ಕೆಲಸ. ಇದಕ್ಕಾ ನಾನು ಬಂದದ್ದು ಅನ್ನಿಸುತ್ತದೆ. ಕಳೆದ ತಿಂಗಳು ಗೃಹಲಕ್ಷ್ಮಿ ಹಣ ನಿಂತಿದೆ ಅಂತ ಬಂದ ಒಬ್ಬರು, ಗಂಡ ಹೊಡೆಯುವುದನ್ನು ಹೇಳಿಕೊಂಡು ಅತ್ತರು. ನನಗೆ ತಡೆಯಲಾಗಲಿಲ್ಲ. ‘ಅಂಥವನ ಜೊತೆ ಯಾಕಿದ್ದೀಯ, ಇವತ್ತೇ ಸ್ಟೇಷನ್‌ಗೆ ಹೋಗೋಣ ನಡಿ’ ಅಂದೆ. ಅವರು ಕಣ್ಣೊರೆಸಿಕೊಂಡು ಎದ್ದು ಹೋದರು. ಮತ್ತೆ ಬಂದಿಲ್ಲ. ಮನೆ ಹುಡುಕಿಕೊಂಡು ಹೋಗಲೇ?
– ಓದುಗರು, ಮಂಡ್ಯ

ಉತ್ತರ: ಮನೆಗೆ ಹೋಗಬೇಡಿ ತಂಗಿ. ಫೋನೂ ಮಾಡಬೇಡಿ.

ಮೈಸೂರಿನ ಬನ್ನಿಮಂಟಪದ ಕಡೆ ಒಂದು ಕೇಂದ್ರದಲ್ಲಿ ನಾನು ಹದಿನಾಲ್ಕು ವರ್ಷ ಕೂತಿದ್ದೇನೆ. ಬೀಡಿ ಕಟ್ಟುವವರು, ಊದುಬತ್ತಿ ಹೊಸೆಯುವವರೇ ಅಲ್ಲಿ ಹೆಚ್ಚು. ಮೊದಲನೇ ವರ್ಷ ಒಬ್ಬರು ನನ್ನ ಹತ್ತಿರವೂ ಹೀಗೇ ಹೇಳಿಕೊಂಡರು. ಎರಡು ದಿನ ಬಿಟ್ಟು, ಹೇಗಿದ್ದಾರೋ ಅಂತ ಅವರು ಬರೆಸಿದ್ದ ನಂಬರಿಗೆ ಫೋನ್ ಮಾಡಿದೆ. ಎತ್ತಿದವನು ಗಂಡ. ‘ಮಹಿಳಾ ಕೇಂದ್ರದಿಂದ’ ಅಂದುಬಿಟ್ಟೆ. ಅವರು ಮತ್ತೆ ಬಂದದ್ದು ಮೂರು ತಿಂಗಳ ಮೇಲೆ, ಮುರಿದ ಮುಂಗೈ ಕೂಡಿಕೊಂಡ ನಂತರ. ಆ ಫೋನು ನಾನು ಮಾಡಬಾರದಿತ್ತು. ಅಂದಿನಿಂದ ಯಾರ ನಂಬರ್ ಬರೆದುಕೊಂಡರೂ ಕೇಳುತ್ತೇನೆ: ಫೋನ್ ಯಾರ ಕೈಲಿರುತ್ತೆ, ಎಷ್ಟು ಗಂಟೆಗೆ ಮಾಡಲಿ, ಬೇರೆಯವರು ಎತ್ತಿದರೆ ಯಾರು ಅಂತ ಹೇಳಲಿ.

ನಿಮ್ಮ ಮಾತು ಕರುಳಿನಿಂದ ಬಂದದ್ದೇ. ಆದರೆ ಮಕ್ಕಳ ಶಾಲೆ, ತವರಿನವರ ಮನಸ್ಸು, ಕೈಯಲ್ಲಿರುವ ದುಡ್ಡು, ಇದೆಲ್ಲ ಗೊತ್ತಿರುವುದು ಅವರಿಗೆ. ಮನೆ ಬಿಡುವುದೊಂದೇ ದಾರಿಯೂ ಅಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಪ್ರಕಾರ, ಮನೆ ಗಂಡನ ಹೆಸರಿನಲ್ಲಿದ್ದರೂ ಅಲ್ಲೇ ಇರುವ ಹಕ್ಕು ಹೆಂಡತಿಗಿದೆ. ಹೊಡೆಯದಂತೆ ಕೋರ್ಟಿನಿಂದ ರಕ್ಷಣಾ ಆದೇಶವನ್ನೂ ಕೇಳಬಹುದು. ವಕೀಲರ ಫೀಸಿಗೆ ಹೆದರಬೇಕಿಲ್ಲ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ. ಮಹಿಳಾ ಸಹಾಯವಾಣಿ 181. ಅವರಾಗಿ ಮಾತು ತೆಗೆದ ದಿನ ಇಷ್ಟನ್ನು ಕಿವಿಗೆ ಹಾಕಿ. ಚೀಟಿಯಲ್ಲಿ ಬರೆದು ಮಾತ್ರ ಕೊಡಬೇಡಿ, ಅದು ಮನೆಯಲ್ಲಿ ಸಿಕ್ಕಿದರೆ ಅದಕ್ಕೂ ಪೆಟ್ಟು. ಜೀವಕ್ಕೇ ಅಪಾಯ ಅಂತ ಕಂಡರೆ ಕಾಯುವ ಮಾತಿಲ್ಲ, 112ಕ್ಕೆ ಕರೆ ಮಾಡಿ.

ಇನ್ನು ಅರ್ಜಿಯ ವಿಷಯ. ನಿಮ್ಮ ಬೇಸರ ಓದಿ ನನಗೆ ನೋವಾಯಿತು. ಆಧಾರಿನಲ್ಲಿ ‘ಲಕ್ಷ್ಮಮ್ಮ’, ರೇಷನ್ ಕಾರ್ಡಿನಲ್ಲಿ ‘ಲಕ್ಷ್ಮಿ’, ಖಾತೆಗೆ ಆಧಾರ್ ಜೋಡಣೆ ಆಗಿಲ್ಲ – ಇಂಥ ತೊಡಕಿಗೇ 2,000 ರೂಪಾಯಿ ನಿಂತುಹೋಗುತ್ತದೆ. ಎಷ್ಟೋ ಮನೆಗಳಲ್ಲಿ ಆ ಹೆಂಗಸಿನ ಸ್ವಂತ ಖಾತೆಗೆ ಬೀಳುವ ದುಡ್ಡು ಅದೊಂದೇ. ಹೊಸೆದು ಹೊಸೆದು ಬೆರಳಿನ ಗೆರೆ ಸವೆದವರ ಹೆಬ್ಬೆಟ್ಟನ್ನು ಮೆಷಿನ್ನು ಒಪ್ಪುವುದಿಲ್ಲ; ಅವರ ಜೊತೆ ಬ್ಯಾಂಕಿಗೆ ಹೋಗಿ ಮಾತಾಡಲು ನಿಮಗಿಂತ ತಿಳಿದವರು ಯಾರು ಸಿಗಬೇಕು? ಮೇಲಾಗಿ, ‘ಅರ್ಜಿ ಕೊಡೋಕೆ ಹೋಗ್ತಿದೀನಿ’ ಅಂದರೆ ಗಂಡ, ಅತ್ತೆ ಯಾರೂ ತಡೆಯುವುದಿಲ್ಲ. ನನ್ನ ಹತ್ತಿರ ಮನಸ್ಸು ಬಿಚ್ಚಿದವರೆಲ್ಲ ಮೊದಲು ಬಂದದ್ದು ಯಾವುದೋ ಒಂದು ಅರ್ಜಿ ಹಿಡಿದುಕೊಂಡೇ.

ನಿಮ್ಮ ಕೇಂದ್ರದ ಕಾಯಂ ಕಾರ್ಯಕರ್ತೆಗೆ ನಡೆದದ್ದನ್ನೆಲ್ಲ ಹೇಳಿ. ಅದೇ ಬೀದಿಯಿಂದ ಬರುವ ನಂಬಿಕಸ್ತರು ಯಾರಾದರೂ ಇದ್ದರೆ, ‘ಗೃಹಲಕ್ಷ್ಮಿಗೆ ಪಾಸ್‌ಬುಕ್ ಜೆರಾಕ್ಸ್ ಬೇಕಂತೆ’ ಅಂತಷ್ಟೇ ಹೇಳಿ ಕಳಿಸಲಿ. ಬಂದಾಗ ಮೊದಲು ಅರ್ಜಿ ಮುಗಿಸಿ, ಒಂದು ಲೋಟ ಟೀ ಕೊಡಿ. ‘ಅವತ್ತು ನಾನು ಅವಸರ ಮಾಡಿಬಿಟ್ಟೆ’ ಅಂದರೆ ಸಾಕು, ಮಿಕ್ಕದ್ದನ್ನು ಕೆದಕಬೇಡಿ. ಇನ್ನೊಂದು, ತಂಗಿ: ನನಗೆ ಬರೆಯುವಾಗ ಅವರನ್ನು ‘ಅವರು’ ಅಂದಿದ್ದೀರಿ, ಎದುರಿಗೆ ‘ಯಾಕಿದ್ದೀಯ, ನಡಿ’ ಅಂದಿದ್ದೀರಿ. ಈ ಸಲ ಎದುರಿಗೂ ‘ನೀವು’ ಅನ್ನಿ.